ಎಪ್ಪತ್ತೈದು ವ್ಯಾಟಿನ ಸಂಸಾರ

ಬೆಲ್ಜಿಯಂ ದೇಶದ ಹೆದ್ದಾರಿಯಲ್ಲಿ ನನ್ನ ಲಾರಿ ಮಗುಚಿಕೊಂಡಾಗ ಬೆಳಗಿನ ಐದೂವರೆ. ತಪ್ಪು ನನ್ನದಲ್ಲ. ತಿರುವಿನಲ್ಲಿ ಇರಬೇಕಾಗಿದ್ದ ಕಬ್ಬಿಣದ ತಡೆಬೇಲಿ, ನಾನು ಹೋಗಿ ಅದಕ್ಕೆ ಗುದ್ದಿದ ಮೇಲೆ ಕಾಣಿಸಿಕೊಂಡಿತು. ಮೊದಲು ಸದ್ದು, ಆಮೇಲೆ ಬೇಲಿ. ಮಿಂಚಾದ ಮೇಲೆ ಗುಡುಗು ಕೇಳಿದ್ದುಂಟು, ಇಲ್ಲಿ ತಿರುವುಮುರುವು. ಹಿಂದೆ ಇಪ್ಪತ್ತು ಟನ್ ಸೇಬು, ಮುಂದೆ ಆಕಾಶ ನೋಡುತ್ತಿರುವ ಚಕ್ರಗಳು, ಮಧ್ಯೆ ಬನಿಯನ್ ಹಾಕಿಕೊಂಡು ಕೂತ ನಾನು.

"ಏನದು ಸದ್ದು?" ಎಂದಳು ಹೆಂಡತಿ ಒಳಗಿನಿಂದ.

"ಲಾರಿ ಬಿತ್ತು."

"ಹಾಲಿನ ಕಡೆ ಒಂದು ಕಣ್ಣಿಡಿ ಅಂದಿದ್ನಲ್ಲ?"

ಹಾಲೂ ಉಕ್ಕಿತ್ತು.

ನನಗೀಗ ಅರವತ್ತಾರು. ಸೈಕಲ್ಲೊಂದು ಬಿಟ್ಟರೆ ಬೇರೆ ವಾಹನ ಓಡಿಸಿದವನಲ್ಲ. ಖಜಾನೆ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ಬೇರೆಯವರ ಪ್ರಯಾಣ ಭತ್ಯೆಯ ಬಿಲ್ಲುಗಳಿಗೆ ಆಕ್ಷೇಪಣೆ ಬರೆದು ನಿವೃತ್ತನಾದವನು. ಅಂಥವನನ್ನು ಯುರೋಪಿನ ಲಾರಿ ಚಾಲಕನನ್ನಾಗಿ ಮಾಡಿದವನು ಪುಣೆಯಲ್ಲಿರುವ ಮಗ. ಹಬ್ಬಕ್ಕೆ ಬಂದವನು, "ಅಪ್ಪ, ಸುಮ್ನೆ ಕೂತಿರ್ತೀಯ, ಇದನ್ನ ಆಡು" ಎಂದು ನಮ್ಮ ಹಳೇ ಕಂಪ್ಯೂಟರಿಗೆ ಯೂರೋ ಟ್ರಕ್ ಸಿಮ್ಯುಲೇಟರ್ 2 ಎಂಬ ಆಟ ಹಾಕಿಕೊಟ್ಟು ಹೋದ. ಚೆಕ್ ದೇಶದ ಪ್ರಾಗ್ ನಗರದ ಎಸ್‌ಸಿಎಸ್ ಸಾಫ್ಟ್‌ವೇರ್ ಕಂಪನಿ 2012ರಲ್ಲಿ ಬಿಟ್ಟ ಆಟ. ಇದರಲ್ಲಿ ಯಾರನ್ನೂ ಕೊಲ್ಲುವ ಹಾಗಿಲ್ಲ, ಯಾವ ಕೋಟೆಯನ್ನೂ ಗೆಲ್ಲುವ ಹಾಗಿಲ್ಲ. ಸರಕು ತುಂಬಿಸಿಕೋ, ರಸ್ತೆಯ ನಿಯಮ ಪಾಲಿಸು, ಹೇಳಿದ ಊರಿಗೆ ಹೇಳಿದ ಹೊತ್ತಿಗೆ ತಲುಪಿಸು, ದುಡ್ಡು ತಗೋ. ಕೆಂಪು ದೀಪ ದಾಟಿದರೆ ದಂಡ. ವೇಗ ಹೆಚ್ಚಿದರೆ ದಂಡ. ನಿದ್ದೆಗೆಟ್ಟು ಓಡಿಸಿದರೆ ಪರದೆಯೇ ಕಣ್ಣು ಮುಚ್ಚಿ ತೆರೆಯುತ್ತದೆ. ಕ್ಯಾಲೆ ಬಂದರಿನಲ್ಲಿ ಹಡಗು ಹತ್ತಿ ಡೋವರಿಗೆ ಇಳಿದರೆ ಬಲಗಡೆಯ ರಸ್ತೆ ಎಡಗಡೆಗೆ ಬರುತ್ತದೆ. ಸರ್ಕಾರಿ ಗುಮಾಸ್ತನ ಜಾಯಮಾನಕ್ಕೆ ಇದಕ್ಕಿಂತ ಒಗ್ಗುವ ಆಟವನ್ನು ಮನುಷ್ಯಮಾತ್ರರು ಕಟ್ಟಿಲ್ಲ. ಮೊದಲ ವಾರವೇ ನಾನು ಜರ್ಮನಿಯ ನಿರ್ಜನ ಸಿಗ್ನಲ್ಲಿನಲ್ಲಿ ಅಪರಾತ್ರಿ ಒಬ್ಬನೇ ಹಸಿರಿಗಾಗಿ ಕಾದು ನಿಂತೆ. ಅಂಥ ಸುಖ ಬೆಂಗಳೂರಿನಲ್ಲಿ ನನಗೆ ಸಿಕ್ಕಿರಲಿಲ್ಲ.

ತೊಂದರೆ ಇದ್ದದ್ದು ಯಂತ್ರದ್ದು. ಮಗ ಇಂಜಿನಿಯರಿಂಗ್ ಸೇರಿದ ವರ್ಷ, 2014ರಲ್ಲಿ, ಎಸ್.ಪಿ. ರಸ್ತೆಯಲ್ಲಿ ಬಿಡಿಬಿಡಿಯಾಗಿ ಕೊಂಡು ಜೋಡಿಸಿದ್ದು. ಇಂಟೆಲ್ಲಿನ ನಾಲ್ಕನೇ ತಲೆಮಾರಿನ ಐ3, ಎಚ್81 ಮದರ್‌ಬೋರ್ಡು, 4 ಜಿಬಿ ರ‍್ಯಾಮು, ಹದಿನೆಂಟೂವರೆ ಇಂಚಿನ ಮಾನಿಟರು. ಅದರಲ್ಲಿ ಅವನ ಪ್ರಾಜೆಕ್ಟುಗಳಾದವು, ನನ್ನ ಪಿಂಚಣಿ ಕಾಗದಗಳಾದವು, ಮಗಳ ಮದುವೆಯ ಆಮಂತ್ರಣ ಪತ್ರಿಕೆ ನುಡಿ ತಂತ್ರಾಂಶದಲ್ಲಿ ಮೂರು ಸಲ ತಿದ್ದುಪಡಿಯಾಯಿತು. ಇಷ್ಟಕ್ಕೆಲ್ಲ ತಕರಾರು ಮಾಡದ ಯಂತ್ರ ಲಾರಿ ಹತ್ತಿದ ಕೂಡಲೇ ಏದುಸಿರು ಬಿಡತೊಡಗಿತು. ಸಿನಿಮಾದ ರೀಲು ಸೆಕೆಂಡಿಗೆ ಇಪ್ಪತ್ತನಾಲ್ಕು ಚಿತ್ರದಂತೆ ಓಡಿದರೆ ಕಣ್ಣಿಗೆ ಚಲನೆ ಅನ್ನಿಸುತ್ತದೆ. ನನ್ನ ಲಾರಿ ಊರೊಳಗೆ ಹೊಕ್ಕರೆ ಸೆಕೆಂಡಿಗೆ ಹನ್ನೊಂದು. ಚಿಕ್ಕಂದಿನಲ್ಲಿ ಅಜ್ಜಿ ಊರಿನ ಟೆಂಟಿನಲ್ಲಿ ರೀಲು ಸಿಕ್ಕಿಕೊಂಡು ರಾಜಕುಮಾರರು ಎತ್ತಿದ ಕತ್ತಿ ಎತ್ತಿದಲ್ಲೇ ನಿಂತಾಗ ನಾವು ಶಿಳ್ಳೆ ಹೊಡೆಯುತ್ತಿದ್ದೆವು. ಈಗ ಯಾರಿಗೆ ಶಿಳ್ಳೆ ಹೊಡೆಯುವುದು?

ಸಲಹೆಗಳಿಗೇನೂ ಬರವಿರಲಿಲ್ಲ. "ಗುಜರಿಗೆ ಹಾಕಿ ಭಾವ" ಎಂದ ಹೆಂಡತಿಯ ತಮ್ಮ. ಎದುರು ಮನೆಯ ಹುಡುಗ, ಅವನೂ ಇಂಜಿನಿಯರಿಂಗ್, ಬಂದು ನೋಡಿ ಯಂತ್ರದ ಮರಣಪತ್ರವನ್ನೇ ಓದಿದ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಹಾಕೋಣವೆಂದರೆ ಅದು ಎಂಟನೇ ತಲೆಮಾರಿನಿಂದ ಈಚೆಗಿನ ಪ್ರೊಸೆಸರನ್ನಷ್ಟೇ ಪಂಕ್ತಿಗೆ ಸೇರಿಸುತ್ತದೆ, ನಮ್ಮದು ನಾಲ್ಕನೆಯದು. "ಹೊಸ ಸೆಟ್ ತಗೊಳ್ಳಿ ಅಂಕಲ್. ಐವತ್ತು ಸಾವಿರದಲ್ಲಿ ಡೀಸೆಂಟಾಗಿ ಬರತ್ತೆ."

ನನ್ನ ಹತ್ತಿರ ಇದ್ದದ್ದು ತುಟ್ಟಿಭತ್ಯೆಯ ಬಾಕಿ, ಆರು ಸಾವಿರದ ಇನ್ನೂರ ಹನ್ನೆರಡು ರೂಪಾಯಿ. ಸರ್ಕಾರ ತಡವಾಗಿ ಕೊಟ್ಟ ದುಡ್ಡಿಗೆ ಒಂದು ಗುಣವಿದೆ. ಅದು ಮನೆಯ ಲೆಕ್ಕದಲ್ಲಿ ಯಾವ ಶೀರ್ಷಿಕೆಯ ಅಡಿಗೂ ಬರುವುದಿಲ್ಲ, ಆದ್ದರಿಂದ ಯಾರೂ ಆಕ್ಷೇಪಣೆ ಹಾಕುವುದಿಲ್ಲ. ಅಷ್ಟರಲ್ಲಿ ಏನಾಗುತ್ತದೆ ಎಂದು ಕೇಳಿದೆ. ಹುಡುಗ ಯಂತ್ರವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ. ಇಬ್ಬರಲ್ಲೂ ಅವನಿಗೆ ಭರವಸೆ ಕಾಣಲಿಲ್ಲವೆಂದು ತೋರುತ್ತದೆ. "ಒಂದು ಸೆಕೆಂಡ್‌ಹ್ಯಾಂಡ್ ಗ್ರಾಫಿಕ್ಸ್ ಕಾರ್ಡ್ ಹಾಕಬಹುದು" ಎಂದ.

ಈ ಗ್ರಾಫಿಕ್ಸ್ ಕಾರ್ಡು ಏನು ಮಾಡುತ್ತದೆ ಎಂಬುದನ್ನು ಅವನು ಇಂಗ್ಲಿಷಿನಲ್ಲಿ ವಿವರಿಸಿದ, ನಾನು ಭತ್ತದ ಗದ್ದೆಯಲ್ಲಿ ಅರ್ಥಮಾಡಿಕೊಂಡೆ. ಪ್ರೊಸೆಸರು ಅಂದರೆ ಮನೆಯ ಯಜಮಾನ. ಕೋರ್ಟು ಕಚೇರಿ, ಸಾಲ ಸೋಲ, ಮಗಳ ಸಂಬಂಧ, ಎಂಥ ತೊಡಕಿನ ಕೆಲಸವಾದರೂ ಒಂದಾದ ಮೇಲೊಂದು ಬಿಡಿಸುತ್ತಾನೆ. ಆದರೆ ಅವನನ್ನೇ ಗದ್ದೆಗಿಳಿಸಿ, ಒಬ್ಬನೇ ನಾಟಿ ಮಾಡು ಎಂದರೆ ಸಸಿ ಬಾಡಿಹೋಗುತ್ತದೆ. ನಾಟಿಗೆ ಬೇಕಾದ್ದು ಬುದ್ಧಿವಂತಿಕೆ ಅಲ್ಲ, ಸಾಲು. ನೂರು ಜನ ಸಾಲಾಗಿ ಬಗ್ಗಿ, ಒಟ್ಟಿಗೇ ಸಸಿ ಊರಿ, ಒಟ್ಟಿಗೇ ಒಂದು ಹೆಜ್ಜೆ ಹಿಂದಕ್ಕೆ ಸರಿಯಬೇಕು. ಪರದೆಯೂ ಅಂಥ ಗದ್ದೆಯೇ. ನಮ್ಮ ಮಾನಿಟರಿನಲ್ಲಿ ಅಡ್ಡಕ್ಕೆ 1,366, ಉದ್ದಕ್ಕೆ 768 ಚುಕ್ಕಿಗಳು, ಒಟ್ಟು ಹತ್ತು ಲಕ್ಷದ ನಲವತ್ತೊಂಬತ್ತು ಸಾವಿರ ಚಿಲ್ಲರೆ. ಪ್ರತಿ ಚುಕ್ಕಿಗೂ ಯಾವ ಬಣ್ಣ, ಎಷ್ಟು ಬೆಳಕು, ಮಳೆ ಬಿದ್ದಿದ್ದರೆ ಎಷ್ಟು ಹೊಳಪು ಎಂದು ಲೆಕ್ಕ ಹಾಕಬೇಕು. ಸೆಕೆಂಡಿಗೆ ಅರವತ್ತು ಸಲ ಹಾಕಿದರೆ ಲಾರಿ ಬೆಣ್ಣೆಯ ಹಾಗೆ ಓಡುತ್ತದೆ. ಗುಣಿಸಿದೆ: ಆರು ಕೋಟಿ ಇಪ್ಪತ್ತೊಂಬತ್ತು ಲಕ್ಷ ಸಸಿ, ಸೆಕೆಂಡಿಗೆ. ನಮ್ಮ ಐ3ಯ ಹೊಟ್ಟೆಯಲ್ಲೇ ಒಂದು ಸಣ್ಣ ಗ್ರಾಫಿಕ್ಸ್ ಘಟಕವಿದೆಯಂತೆ, ಆದರೆ ಅದು ಮನೆಮಂದಿಯೇ ಗದ್ದೆಗಿಳಿದ ಹಾಗೆ. ಅಜ್ಜಿ, ಸೊಸೆ, ಶಾಲೆಗೆ ರಜೆ ಹಾಕಿಸಿದ ಹುಡುಗ. ಸೆಕೆಂಡಿಗೆ ಹನ್ನೊಂದು ಚಿತ್ರ ಬರುತ್ತಿದ್ದದ್ದೇ ಅವರ ಪುಣ್ಯ.

ಹುಡುಗನಿಗೆ ಹುಮ್ಮಸ್ಸು ಬಂದು ಈ ವಂಶದ ಹಿರಿಯಣ್ಣನ ಚಿತ್ರ ತೋರಿಸಿದ. ಎನ್‌ವಿಡಿಯಾದ ಆರ್‌ಟಿಎಕ್ಸ್ 5090. ಇಪ್ಪತ್ತೊಂದು ಸಾವಿರದ ಏಳುನೂರ ಅರವತ್ತು ಕೋರುಗಳು, ಅಂದರೆ ಅಷ್ಟು ನಾಟಿಯಾಳುಗಳು, ಬೆಲೆ ಎರಡು ಲಕ್ಷದ ಮೇಲೆ, ಕುಡಿಯುವ ವಿದ್ಯುತ್ತು 575 ವ್ಯಾಟು. ನಮ್ಮ ಮನೆಯ ದೋಸೆಹಿಟ್ಟಿನ ಗ್ರೈಂಡರು 150 ವ್ಯಾಟಿನದು. ಮೂರು ಗ್ರೈಂಡರು ಒಟ್ಟಿಗೆ ತಿರುಗಿಸಿದರೂ ಇದರ ಸಮಕ್ಕೆ ಬರುವುದಿಲ್ಲ, ತಿರುಗಿಸಿದರೆ ಒಂದು ಮದುವೆಗಾಗುವಷ್ಟು ದೋಸೆಯಾದರೂ ಬರುತ್ತದೆ. ಈ ಕಂಪನಿ ಹುಟ್ಟಿದ್ದು 1993ರಲ್ಲಿ, ಅಮೆರಿಕದ ಸ್ಯಾನ್ ಹೋಸೆಯ ಡೆನ್ನೀಸ್ ಎಂಬ ಹೋಟೆಲಿನಲ್ಲಿ ಮೂವರು ಗೆಳೆಯರು ಕೂತು ಆಡಿದ ಮಾತಿನಿಂದ. 2025ರ ಅಕ್ಟೋಬರಿನಲ್ಲಿ ಅದರ ಷೇರುಗಳ ಒಟ್ಟು ಮೌಲ್ಯ ಐದು ಲಕ್ಷ ಕೋಟಿ ಡಾಲರ್ ಮುಟ್ಟಿತು. ಜಗತ್ತಿನಲ್ಲಿ ಬೇರೆ ಯಾವ ಕಂಪನಿಯೂ ಅದುವರೆಗೆ ಆ ಅಂಕಿ ಕಂಡಿರಲಿಲ್ಲ. ನಮ್ಮ ದರ್ಶಿನಿಗಳಲ್ಲಿ ನಿಂತೇ ಕುಡಿಯಬೇಕು, ಬೈಟು ಕಾಫಿ ಮುಗಿದ ಮೇಲೆ ಲೋಟ ಹಿಡಿದು ಕಾಲು ಗಂಟೆ ನಿಂತರೆ ಕ್ಲೀನರ್ ಹುಡುಗ ಮೇಜಿನ ಜೊತೆ ನಮ್ಮನ್ನೂ ಒರೆಸುತ್ತಾನೆ. ಬೆಂಗಳೂರಿನಲ್ಲಿ ಅಂಥ ಕಂಪನಿ ಯಾಕೆ ಹುಟ್ಟಲಿಲ್ಲ ಎಂದು ಚರ್ಚಿಸುವವರು ಈ ಅಂಶವನ್ನು ಗಮನಿಸಿದಂತಿಲ್ಲ.

ಇರಲಿ. ಹುಡುಗ ನನ್ನ ಯಂತ್ರದ ಪಕ್ಕದ ತಗಡು ಬಿಚ್ಚಿದ. ಒಳಗೆ ಹನ್ನೊಂದು ವರ್ಷದ ಧೂಳು, ಎರಡು ಹಲ್ಲಿಮೊಟ್ಟೆ, 2017ರಿಂದ ಕಾಣೆಯಾಗಿದ್ದ ನನ್ನ ಮೋಂಬತ್ತಿ ಬಣ್ಣದ ಪೆನ್ನಿನ ಕ್ಯಾಪು. ಅವನು ಎಸ್‌ಎಂಪಿಎಸ್ ಎಂಬ ವಿದ್ಯುತ್ ಪೆಟ್ಟಿಗೆಯ ಮೇಲಿನ ಚೀಟಿ ಓದಿದ: 450 ವ್ಯಾಟ್. ಓದಿ ನಕ್ಕ. ಕ್ಯಾಬಿನೆಟ್ಟಿನ ಜೊತೆ ಪುಕ್ಕಟೆ ಬರುವ ಎಸ್‌ಎಂಪಿಎಸ್ ಮೇಲಿನ ವ್ಯಾಟು, ಜಾತಕದ ಜೊತೆ ಬರೆದು ಕಳಿಸುವ ಹುಡುಗನ ಸಂಬಳದಂತೆ ಅಂತ ನನಗೆ ಆಗ ತಿಳಿಯಿತು. ಎತ್ತಿ ತೂಗಿ ನೋಡು ಎಂದ. ತೂಗಿದೆ. ನೀರಿಲ್ಲದ ತೆಂಗಿನಕಾಯಿ. ಜೊತೆಗೆ, ದೊಡ್ಡ ಕಾರ್ಡಿಗೆ ಕರೆಂಟು ಕೊಡಲು ಆರು ಪಿನ್ನಿನದೋ ಎಂಟು ಪಿನ್ನಿನದೋ ಪ್ರತ್ಯೇಕ ತಂತಿ ಬೇಕು. ನಮ್ಮದರಲ್ಲಿ ಅದೂ ಇರಲಿಲ್ಲ.

"ಹಾಗಾದ್ರೆ ಸ್ಲಾಟಿನಿಂದ ಬರೋ ಎಪ್ಪತ್ತೈದು ವ್ಯಾಟೇ ಗತಿ" ಎಂದ. ಕಾರ್ಡು ಕೂರುವ ಆ ಉದ್ದನೆಯ ಸೀಳು, ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟು, ಕಾರ್ಡಿಗೆ ತಾನಾಗಿಯೇ ಕೊಡಬಹುದಾದ ವಿದ್ಯುತ್ತು ಹೆಚ್ಚೆಂದರೆ 75 ವ್ಯಾಟು. ಅದರ ಮೇಲೆ ಒಂದು ವ್ಯಾಟು ಬೇಕೆಂದರೂ ಬೇರೆ ತಂತಿ, ಬೇರೆ ಎಸ್‌ಎಂಪಿಎಸ್, ಬೇರೆ ದುಡ್ಡು. ನನಗೆ ಬಹಳ ಹಿಡಿಸಿತು. ಇದು ಆರ್ಥಿಕ ಅಧಿಕಾರ ಪ್ರತ್ಯಾಯೋಜನೆ. ಕೆಳಗಿನ ಅಧಿಕಾರಿಗೆ ಇಷ್ಟು ಮೊತ್ತದವರೆಗೆ ಮಂಜೂರು ಮಾಡುವ ಅಧಿಕಾರವಿದೆ, ದಾಟಿದರೆ ಕಡತ ಮೇಲಕ್ಕೆ ಹೋಗಬೇಕು. ಜೀವಮಾನವಿಡೀ ನಾನು ಕಾದದ್ದು ಇದೇ ಗೆರೆಯನ್ನು.

ಅದಕ್ಕೂ ಮೊದಲೇ ನಾನು ವ್ಯಾಟಿನ ಗೆರೆಯೊಳಗೆ ಬೆಳೆದವನು. ಚಾಮರಾಜಪೇಟೆಯಲ್ಲಿ ನಾವಿದ್ದದ್ದು ಎಂಟು ಮನೆಯ ವಠಾರ. ಎಂಟಕ್ಕೂ ಸೇರಿ ಒಂದೇ ಮೀಟರು, ಅದು ಇದ್ದದ್ದು ಓನರಜ್ಜಿಯ ತಲೆದಿಂಬಿನ ನೇರಕ್ಕೆ. ಮನೆಗೆ ಒಂದೇ ಬಲ್ಬು, ಅದೂ ನಲವತ್ತು ವ್ಯಾಟಿನದು. ರಾತ್ರಿ ಹತ್ತಕ್ಕೆ ಮೈನ್ ಆಫ್. ನನ್ನ ಎಸ್ಸೆಸ್ಸೆಲ್ಸಿ ವರ್ಷ, 1975ರ ಮಾರ್ಚಿನಲ್ಲಿ, ಹುಡುಗನ ಕಣ್ಣು ಹಾಳಾಗುತ್ತದೆಂದು ಅಪ್ಪ ಒಂದು ಸಂಜೆ ಕೈಚೀಲದ ಸೊಪ್ಪಿನ ಕೆಳಗೆ ಅರವತ್ತರ ಬಲ್ಬು ಬಚ್ಚಿಟ್ಟು ತಂದರು. ಕಿಟಕಿಗೆ ಅಮ್ಮನ ಹಳೇ ಸೀರೆ ಕಟ್ಟಿ, ಬಲ್ಬು ಬದಲಾಯಿಸಿ, ಸ್ವಿಚ್ಚು ಹಾಕಿದರು. ಆಹಾ, ಆ ಬೆಳಕು! ರೇಖಾಗಣಿತದ ಪುಸ್ತಕದಲ್ಲಿ ಅಷ್ಟೊಂದು ಚುಕ್ಕಿಗಳಿದ್ದದ್ದು ನನಗೆ ಗೊತ್ತೇ ಇರಲಿಲ್ಲ. ಹತ್ತು ನಿಮಿಷ ಆಗಿರಬಹುದು. ಅಂಗಳದಿಂದ ಅಜ್ಜಿಯ ಸ್ವರ ಬಂತು, ಮೆಲ್ಲಗೆ, ಯಾರನ್ನೂ ಹೆಸರಿಸದೆ: "ಯಾರ ಮನೇಲೋ ಅರವತ್ತು ಉರೀತಾ ಇದೆಯಲ್ಲ." ಎಂಟು ಮನೆಯ ಭಾರದಲ್ಲಿ ಇಪ್ಪತ್ತು ವ್ಯಾಟು ಹೆಚ್ಚಾದದ್ದನ್ನು ಆಕೆ ಮೀಟರಿನ ಚಕ್ರ ತಿರುಗುವ ವೇಗದಲ್ಲಿ ಕಂಡುಹಿಡಿದಿದ್ದಳು. ಶಾಲೆಗೆ ಹೋದವಳಲ್ಲ. ಅಪ್ಪ ತುಟಿ ಪಿಟಕ್ಕೆನ್ನದೆ ಕುರ್ಚಿ ಹತ್ತಿದರು. ಬಿಸಿ ಬಲ್ಬನ್ನು ಪಂಚೆಯ ತುದಿಯಿಂದ ಹಿಡಿದು ಬಿಚ್ಚಿದ ಅವರ ಮುಖ ನನಗೆ ಕಾಣಲಿಲ್ಲ, ಕತ್ತಲಿತ್ತು. ಆ ಅರವತ್ತರ ಬಲ್ಬು ಕಪಾಟಿನಲ್ಲಿ ವರ್ಷಗಟ್ಟಲೆ ಇತ್ತು.

ಹಾಗಾಗಿ ಎಪ್ಪತ್ತೈದು ಎಂದಾಗ ನನಗೆ ಕಡಿಮೆ ಅನ್ನಿಸಲಿಲ್ಲ. ಅರವತ್ತಕ್ಕಿಂತ ಹದಿನೈದು ಹೆಚ್ಚೇ.

ಆ ಗೆರೆಯೊಳಗೆ ಬರುವವರು ಯಾರು ಯಾರು ಎಂದು ಪಟ್ಟಿ ಮಾಡಿದೆವು. 2014ರ ಜಿಟಿಎಕ್ಸ್ 750 ಟಿಐ, 60 ವ್ಯಾಟು, ವಯಸ್ಸಾಯಿತು. 2017ರ ಜಿಟಿ 1030, 30 ವ್ಯಾಟು, ಉಪವಾಸದ ಮನುಷ್ಯ, ಲಾರಿ ಎಳೆಯುವುದು ಕಷ್ಟ. 2016ರ ಜಿಟಿಎಕ್ಸ್ 1050 ಟಿಐ, ಸರಿಯಾಗಿ 75. 2019ರ ಜಿಟಿಎಕ್ಸ್ 1650, ಅದೂ 75, ಆದರೆ ಬಾಕಿ ಹಣ ಅಷ್ಟು ದೂರ ಹೋಗುವುದಿಲ್ಲ. ಎಎಮ್‌ಡಿಯವರ ಆರ್‌ಎಕ್ಸ್ 6400 ಎಂಬುದೊಂದು, 2022ರದು, ಬರೀ 53 ವ್ಯಾಟು. ಅದನ್ನು ನೋಡಿ ನಾನು ಆಸೆಪಟ್ಟೆ. ಹುಡುಗ ತಲೆಯಾಡಿಸಿದ. ಆ ಕಾರ್ಡು ಮದರ್‌ಬೋರ್ಡಿನ ಜೊತೆ ಮಾತಾಡುವುದು ಹದಿನಾರು ಓಣಿಗಳಲ್ಲಿ ಅಲ್ಲ, ನಾಲ್ಕರಲ್ಲಿ ಮಾತ್ರ. ಹೊಸ ಬೋರ್ಡುಗಳಲ್ಲಿ ಒಂದೊಂದು ಓಣಿಯೂ ವಿಶಾಲ, ಆದ್ದರಿಂದ ನಾಲ್ಕೇ ಸಾಕು. ನಮ್ಮ ಎಚ್81ರ ಸ್ಲಾಟು ಪಿಸಿಐ ಎಕ್ಸ್‌ಪ್ರೆಸ್ಸಿನ ಎರಡನೇ ಪೀಳಿಗೆಯದು, ಕಾರ್ಡು ನಾಲ್ಕನೇ ಪೀಳಿಗೆಯದು. ಪೀಳಿಗೆಗೊಂದು ಸಲ ವೇಗ ಇಮ್ಮಡಿಯಾಗುತ್ತ ಬಂದದ್ದು, ಹಿಂದಕ್ಕೆ ಬಂದರೆ ಅರ್ಧದ ಅರ್ಧ. ಅಂದರೆ ಕಾಲು ಭಾಗ. ಮೇಲ್ಸೇತುವೆ ಭರ್ಜರಿಯಾಗಿ ಕಟ್ಟಿ ಕೊನೆಯಲ್ಲಿ ಗಲ್ಲಿಗೆ ಇಳಿಸಿದ ಹಾಗೆ. ಬೆಂಗಳೂರಿನವನಿಗೆ ಇದನ್ನು ಎರಡನೇ ಸಲ ವಿವರಿಸಬೇಕಾಗಿಲ್ಲ. ಹಳೆಯದಕ್ಕೆ ಹಳೆಯದೇ ಹೊಂದುತ್ತದೆ, 1050 ಟಿಐ ಎಂದು ತೀರ್ಮಾನವಾಯಿತು. ಏಳುನೂರ ಅರವತ್ತೆಂಟು ಜನ ನಾಟಿಯಾಳುಗಳು, ಎಪ್ಪತ್ತೈದು ವ್ಯಾಟು ಕೂಲಿಗೆ.

"ಆದ್ರೂ ಅಂಕಲ್, ಬಾಟಲ್‌ನೆಕ್ ಆಗತ್ತೆ" ಎಂದ ಹುಡುಗ, ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ. ಆಳುಗಳು ಎಷ್ಟೇ ಇರಲಿ, ಸಸಿ ಎಲ್ಲಿ ಊರಬೇಕೆಂದು ಹೇಳುವ ಯಜಮಾನ ನಿಧಾನವಾದರೆ ಅವರೆಲ್ಲ ಬದುವಿನ ಮೇಲೆ ಎಲೆಅಡಿಕೆ ಹಾಕುತ್ತ ಕೂರುತ್ತಾರಂತೆ. ಅದಕ್ಕೆ ಬಾಟಲ್‌ನೆಕ್ಕು. ಆಗಲಿ ಬಿಡು ಎಂದೆ. ಗೋಲಿಸೋಡಾಕ್ಕೆ ಕತ್ತು ಹಿಸುಕಿದ್ದರಿಂದಲೇ ಗೋಲಿ ನಿಂತದ್ದು.

ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಮೆಟ್ರೊ ಹತ್ತಿ ಮಾರ್ಕೆಟ್ಟಿನಲ್ಲಿ ಇಳಿದರೆ ಎಸ್.ಪಿ. ರಸ್ತೆಗೆ ನಡೆದೇ ಹೋಗಬಹುದು. ಸಾದರ ಪತ್ರಪ್ಪ ರಸ್ತೆ ಎಂಬ ಪೂರ್ತಿ ಹೆಸರು ಫಲಕಗಳಲ್ಲಿ ಉಳಿದಿದೆ, ಬಾಯಿಯಲ್ಲಿ ಉಳಿದಿಲ್ಲ. ಒಂದು ಕಡೆ ಅವೆನ್ಯೂ ರಸ್ತೆಯ ಪುಸ್ತಕದ ರಾಶಿಗಳು, ಇನ್ನೊಂದು ಕಡೆ ಹಾರ್ಡ್‌ವೇರಿನ ನಟ್ಟು ಬೋಲ್ಟು, ಮಧ್ಯದಲ್ಲಿ ಇದು. ಮೊಣಕೈ ಅಗಲದ ಅಂಗಡಿಗಳು, ಅವುಗಳ ಮೇಲೆ ಅಂಗಡಿಗಳು, ಮೆಟ್ಟಿಲಿನ ಕೆಳಗೂ ಒಬ್ಬ ಬೆಸುಗೆ ಹಾಕುತ್ತ ಕೂತಿರುತ್ತಾನೆ. ಇಲ್ಲಿ ಕನ್ನಡ, ಹಿಂದಿ, ತಮಿಳು, ಉರ್ದು, ಮಾರ್ವಾಡಿ ಎಲ್ಲ ಸೇರಿದ ಒಂದು ಭಾಷೆ ಇದೆ. ಅದರಲ್ಲಿ ಎರಡೇ ಪ್ರಶ್ನೆ. ಒಂದು, "ಏನ್ ಬೇಕು ಸಾರ್?" ಎರಡು, "ಬಿಲ್ ಬೇಕಾ, ಬೇಡ್ವಾ?" ಖಜಾನೆಯವನ ಎದುರು ಎರಡನೇ ಪ್ರಶ್ನೆ ಕೇಳಬಾರದಾಗಿತ್ತು. ಬಿಲ್ ಬೇಕೆಂದರೆ ಶೇಕಡಾ 18 ಜಿಎಸ್‌ಟಿ ಸೇರುತ್ತದೆ ಎಂದ ಒಬ್ಬ ಅಂಗಡಿಯವನು. ಸೇರಲಿ ಎಂದೆ. ಹಾಗಾದರೆ ಆ ಮಾಲು ಇಲ್ಲ ಎಂದ.

ಮೊದಲು ಹೊಕ್ಕ ಅಂಗಡಿಗಳ ಪೈಕಿ ಒಂದರಲ್ಲಿ 1050 ಟಿಐ ಬರೀ ಎರಡು ಸಾವಿರದ ಎಂಟುನೂರು. ಫಳಫಳ ಹೊಳೆಯುವ ಪೆಟ್ಟಿಗೆ, ಡ್ರ್ಯಾಗನ್ನಿನ ಚಿತ್ರ. ನಾನು ಜೇಬಿಗೆ ಕೈ ಹಾಕಿದ್ದೆ. ಹುಡುಗ ತಡೆದು, ಅವರ ಕಂಪ್ಯೂಟರಿಗೇ ಹಾಕಿಸಿ ಜಿಪಿಯು-ಝಡ್ ಎಂಬ ಚಿಕ್ಕ ತಂತ್ರಾಂಶ ಓಡಿಸಿದ. ಹೆಸರಿನ ಮುಂದೆ ಕಂಸದೊಳಗೆ 'ಫೇಕ್' ಎಂದು ಬಂತು. 2010ರ ಜಿಟಿಎಸ್ 450 ಎಂಬ ಮುದಿ ಕಾರ್ಡಿಗೆ ಬಯಾಸ್ ಎಂಬ ಒಳಗಿನ ತಂತ್ರಾಂಶ ಬದಲಿಸಿ, ಹೆಸರು ಬದಲಿಸಿ, ಹೊಸ ಅಂಗಿ ತೊಡಿಸಿ ಕೂರಿಸಿದ್ದರು. ಜನ್ಮದಿನಾಂಕ ತಿದ್ದಿದ ಸೇವಾಪುಸ್ತಕಗಳನ್ನು ನಾನು ನೋಡಿದ್ದೇನೆ, ಇಷ್ಟು ಅಚ್ಚುಕಟ್ಟಾಗಿ ತಿದ್ದಿದ್ದನ್ನು ನೋಡಿರಲಿಲ್ಲ. ಅಂಗಡಿಯವನಿಗೆ ಮುಜುಗರವೇನೂ ಆಗಲಿಲ್ಲ. "ಬೇರೆ ಇದೆ, ತೋರಿಸ್ಲಾ?" ಎಂದ.

ಮೂರನೇ ಮಹಡಿಯ ಒಂದು ಕೋಣೆಯಲ್ಲಿ ನಿಜವಾದದ್ದು ಸಿಕ್ಕಿತು. ಮಾರುವವನು ಇಪ್ಪತ್ತೈದರ ತರುಣ. ಹಿಂದೆ ಗೋಡೆಯುದ್ದಕ್ಕೂ ಕಾರ್ಡುಗಳನ್ನು ಒಣಮೀನಿನಂತೆ ನೇತುಹಾಕಿದ್ದ. "ಇದು ಮೈನಿಂಗ್ ಮಾಲಲ್ಲ ಸಾರ್. ಒಬ್ರು ಡಾಕ್ಟರ್ ಮನೇದು, ಸಂಡೇ ಸಂಡೇ ಮಾತ್ರ ಯೂಸ್ ಮಾಡ್ತಿದ್ರು." ಹಳೇ ಕಾರು, ಹಳೇ ಸ್ಕೂಟರು, ಈಗ ಹಳೇ ಕಾರ್ಡು, ಎಲ್ಲವೂ ಈ ಒಬ್ಬ ಡಾಕ್ಟರ ಮನೆಯಿಂದಲೇ ಬರುತ್ತವೆ. ಅವರಿಗೆ ರೋಗಿಗಳನ್ನು ನೋಡಲು ಪುರುಸೊತ್ತು ಯಾವಾಗ ಸಿಗುತ್ತದೋ.

ಮೈನಿಂಗ್ ಎಂದರೆ ಗಣಿಗಾರಿಕೆಯಲ್ಲವೇ, ಬಳ್ಳಾರಿಯದ್ದೇ ಎಂದು ಕೇಳಿದೆ. ಅಲ್ಲವಂತೆ. ಈಥೀರಿಯಂ ಮುಂತಾದ ಕಾಣದ ನಾಣ್ಯಗಳನ್ನು ಲೆಕ್ಕ ಹಾಕಿ ಹಾಕಿ ಹುಟ್ಟಿಸುವ ಕೆಲಸಕ್ಕೆ ಜನ ಈ ಕಾರ್ಡುಗಳನ್ನು ಸಾಲುಸಾಲಾಗಿ ಹೂಡಿ ಹಗಲೂ ರಾತ್ರಿ ದುಡಿಸುತ್ತಿದ್ದರು. 2022ರ ಸೆಪ್ಟೆಂಬರಿನಲ್ಲಿ ಈಥೀರಿಯಂ ತನ್ನ ಪದ್ಧತಿಯನ್ನೇ ಬದಲಿಸಿತು. ಕಾರ್ಡುಗಳಿಗೆ ಒಂದೇ ರಾತ್ರಿಯಲ್ಲಿ ಕೆಲಸ ಹೋಯಿತು, ರಾಶಿರಾಶಿ ಹಳೇ ಮಾರುಕಟ್ಟೆಗೆ ಬಂದವು. ಅದಕ್ಕೂ ಹಿಂದೆ ಕೋವಿಡ್ ಕಾಲದಲ್ಲಿ ಕಾರ್ಡುಗಳಿಗೆ ಎಂಥ ಬರವೆಂದರೆ, 2016ರ ಈ 1050 ಟಿಐಯನ್ನು ಎನ್‌ವಿಡಿಯಾ 2021ರಲ್ಲಿ ಮತ್ತೆ ಪೂರೈಸತೊಡಗಿತು. ನಿವೃತ್ತರನ್ನು ಗುತ್ತಿಗೆ ಮೇಲೆ ಪುನಃ ನೇಮಿಸಿಕೊಂಡ ಹಾಗೆ. ಕಾರ್ಡಿನ ಮೇಲೆ ನನಗೆ ಬಂಧುತ್ವ ಹುಟ್ಟಿದ್ದು ಆ ಕ್ಷಣದಲ್ಲಿ.

ಆರೂವರೆ ಸಾವಿರದಿಂದ ಶುರುವಾಗಿ ಐದು ಸಾವಿರದ ಇನ್ನೂರಕ್ಕೆ ನಿಂತಿತು. ಚೌಕಾಸಿ ನಾನು ಮಾಡಿದ್ದಲ್ಲ, ಸುಮ್ಮನೆ ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡುತ್ತ ಮಾತಾಡದೆ ಕೂತಿದ್ದೆ. ಬಿಲ್ ಪಾಸು ಮಾಡುವವರು ಹೀಗೆ ಕೂತರೆ ಎದುರಿನವರೇ ಮೊತ್ತ ಇಳಿಸುತ್ತಾರೆ. "ಏಳು ದಿನ ಟೆಸ್ಟಿಂಗ್ ವಾರಂಟಿ" ಎಂದು ಚೀಟಿಯ ಹಿಂದೆ ಬರೆದುಕೊಟ್ಟ. ಬಿಲ್ಲು? ಅದನ್ನು ನಾನು ಇಲ್ಲಿ ಬರೆಯುವುದಿಲ್ಲ.

ಮನೆಗೆ ಬಂದು ಕೂರಿಸಿ ಸ್ವಿಚ್ಚು ಹಾಕಿದರೆ ಪರದೆ ಕಪ್ಪು. ಒಳಗಿನಿಂದ ಒಂದು ಉದ್ದ ಕೂಗು, ಎರಡು ಗಿಡ್ಡ ಕೂಗು. ಮತ್ತೆ ಒಂದು ಉದ್ದ, ಎರಡು ಗಿಡ್ಡ. ಗುರು, ಲಘು, ಲಘು. ಭಗಣ! ಐವತ್ತು ವರ್ಷದ ಹಿಂದೆ ಕನ್ನಡ ಮೇಷ್ಟ್ರು ಬೆತ್ತ ಹಿಡಿದು ಕಲಿಸಿದ್ದು ಹೀಗೆ ಎಸ್‌ಎಂಪಿಎಸ್ ಪಕ್ಕದಿಂದ ಎದ್ದು ಬರುತ್ತದೆಂದು ಅವರೂ ಎಣಿಸಿರಲಾರರು. ಬಯಾಸ್ ಭಾಷೆಯಲ್ಲಿ ಭಗಣ ಎಂದರೆ ಚಿತ್ರದ ಕಡೆ ಏನೋ ದೋಷ ಎಂದರ್ಥವಂತೆ. ಹುಡುಗ ಕಾರ್ಡು ಹೊರತೆಗೆದು, ಅದರ ಬಂಗಾರದ ಹಲ್ಲುಗಳನ್ನು ಮೊಮ್ಮಗಳ ಪೆನ್ಸಿಲ್ ರಬ್ಬರಿನಿಂದ ಉಜ್ಜಿದ. ಮತ್ತೆ ಕೂರಿಸಿದೆ. ಮತ್ತೆ ಭಗಣ. "ಒತ್ತಿ ಅಂಕಲ್, ಟಕ್ ಅನ್ನಬೇಕು." ಐದು ಸಾವಿರದ ಇನ್ನೂರು ರೂಪಾಯಿಯನ್ನು ಅಷ್ಟು ಜೋರಾಗಿ ಒತ್ತುವ ಧೈರ್ಯ ನನಗಿರಲಿಲ್ಲ. ಮಗುವಿಗೆ ಕಿವಿ ಚುಚ್ಚಿಸುವಾಗ ಮಾಡಿದ ಹಾಗೆ ಮುಖ ಆಚೆ ತಿರುಗಿಸಿದೆ, ಅವನೇ ಒತ್ತಿದ. ಟಕ್.

ಭಗಣ ನಿಂತಿತು, ಪರದೆ ಆದರೂ ಕಪ್ಪೇ. ಯಾಕೆಂದರೆ ಮಾನಿಟರಿನ ತಂತಿ ಇನ್ನೂ ಹಳೇ ಜಾಗದಲ್ಲಿತ್ತು. ತೆಗೆದು ಹೊಸ ಕಾರ್ಡಿಗೆ ಚುಚ್ಚಲು ಹೋದರೆ ತೂತೇ ಇಲ್ಲ! ನಮ್ಮ ಮಾನಿಟರಿನದು ಹದಿನೈದು ಸೂಜಿಯ ನೀಲಿ ವಿಜಿಎ. ಕಾರ್ಡಿನಲ್ಲಿ ಇದ್ದದ್ದು ಎಚ್‌ಡಿಎಂಐ, ಡಿಸ್‌ಪ್ಲೇಪೋರ್ಟು ಮತ್ತು ಡಿವಿಐ. ಮನೆಯಲ್ಲಿ ಬಿದ್ದಿದ್ದ ಹಳೇ ಡಿವಿಐ ಅಡಾಪ್ಟರು ಹಾಕೋಣವೆಂದರೆ ಅದರ ನಾಲ್ಕು ಸೂಜಿಗೆ ಎದುರು ಜಾಗವೇ ಇರಲಿಲ್ಲ. ಈ ತಲೆಮಾರಿನಿಂದ ಎನ್‌ವಿಡಿಯಾದವರು ಹಳೇ ಅನಲಾಗ್ ಸಂಕೇತವನ್ನು ಕಾರ್ಡಿನಿಂದಲೇ ತೆಗೆದುಹಾಕಿದ್ದಾರೆ. ಬರೀ ತೂತು ಹೊಂದಿಸಿದರೆ ಸಾಲದು, ಡಿಜಿಟಲ್ಲನ್ನು ಅನಲಾಗಿಗೆ ಭಾಷಾಂತರ ಮಾಡುವ ಪುಟ್ಟ ಚಿಪ್ಪು ಇರುವ ಕನ್ವರ್ಟರು ಬೇಕು. ಅಳಿಯನನ್ನು ಮನೆಗೆ ಕರೆದ ಮೇಲೆ ಅವನಿಗೂ ಅತ್ತೆಗೂ ಮಧ್ಯೆ ದುಭಾಷಿ ಹುಡುಕಿದ ಹಾಗಾಯಿತು. ಮರುದಿನ ಮತ್ತೆ ಮೆಟ್ರೊ, ಮತ್ತೆ ಮಾರ್ಕೆಟ್ಟು, ದುಭಾಷಿಗೆ ಮುನ್ನೂರೈವತ್ತು.

ಲಾರಿ ಓಡಿತು. ಸೆಕೆಂಡಿಗೆ ಐವತ್ತು, ಐವತ್ತೈದು. ಬೇಲಿಗಳು ಗುದ್ದುವ ಮೊದಲೇ ಕಂಡವು. ಗಾಜಿನ ಮೇಲೆ ಬಿದ್ದ ಮಳೆಹನಿ ಗಾಳಿಗೆ ಮೇಲಕ್ಕೇರುತ್ತದೆಂಬುದನ್ನು ಮೊದಲ ಸಲ ಕಂಡು ಹೆಂಡತಿಯನ್ನು ಕರೆದು ತೋರಿಸಿದೆ. ಅವಳು ಕನ್ನಡಕ ಏರಿಸಿ, "ನಮ್ಮ ಮಡಿಕೇರಿ ಬಸ್ಸಿನಲ್ಲೂ ಹೀಗೇ ಆಗಿತ್ತು, ಆಗ ನೀವು ನಿದ್ದೆ ಮಾಡ್ತಿದ್ರಿ" ಎಂದಳು. ಅದೂ ಹೌದು.

ಆದರೆ ದೊಡ್ಡ ಊರು ಬಂದರೆ ಮತ್ತೆ ಎಳೆತ. ಈಗ ದೋಷ ರ‍್ಯಾಮಿನದು, ನಾಲ್ಕು ಜಿಬಿ ಸಾಲದು. ಹಳೇ ಡಿಡಿಆರ್3 ಕಡ್ಡಿಯೊಂದಕ್ಕೆ ಆರುನೂರು ಕೊಟ್ಟು ತಂದೆ. ಅಲ್ಲಿಗೆ ತುಟ್ಟಿಭತ್ಯೆ ಮುಗಿಯಿತು, ಇಲಿ ಮುಗಿಯಲಿಲ್ಲ. ಸನ್ಯಾಸಿಯ ಕೌಪೀನದ ಕತೆ ಗೊತ್ತಲ್ಲ, ಇಲಿ ಕಡಿಯುತ್ತದೆಂದು ಬೆಕ್ಕು, ಬೆಕ್ಕಿಗೆ ಹಾಲೆಂದು ಹಸು, ಹಸುವಿಗೆ ಮೇವೆಂದು ಹೊಲ, ಹೊಲ ನೋಡಲೆಂದು ಮದುವೆ. ಹಾರ್ಡ್‌ಡಿಸ್ಕು ಕಿರುಗುಡುತ್ತದೆ, ಎಸ್‌ಎಸ್‌ಡಿ ಹಾಕಿ ಎನ್ನುತ್ತಾನೆ ಹುಡುಗ. ನಾನು ಸದ್ಯಕ್ಕೆ ಬೆಕ್ಕಿನ ಹಂತದಲ್ಲಿ ನಿಂತಿದ್ದೇನೆ. ಇನ್ನೊಂದು ಸುದ್ದಿಯೂ ಅವನೇ ತಂದ. 1050 ಟಿಐ ಪೀಳಿಗೆಗೆ ಆಟಗಳ ಹೊಸ ಡ್ರೈವರುಗಳು 2025ರ ಅಕ್ಟೋಬರಿಗೇ ಕೊನೆ, ಇನ್ನು ಮೇಲೆ ಭದ್ರತೆಯ ತೇಪೆಗಳು ಮಾತ್ರ, ಅವೂ 2028ರ ಅಕ್ಟೋಬರಿನವರೆಗೆ. ಅವನಿಗೆ ಪಾಪ ಎನ್ನಿಸಿತ್ತು. ನಾನು ಹೇಳಿದೆ, ಮೂರು ವರ್ಷ ಪಿಂಚಣಿ ಸಿಗತ್ತಲ್ಲಪ್ಪ, ಇನ್ನೇನು?

ಮೊನ್ನೆ ರಾತ್ರಿ ಹ್ಯಾಂಬರ್ಗಿಗೆ ಹದಿನೆಂಟು ಕಿಲೋಮೀಟರು ಇದ್ದಾಗ ಕರೆಂಟು ಹೋಯಿತು. ನಮ್ಮ ಯುಪಿಎಸ್ಸೂ ಯಂತ್ರದಷ್ಟೇ ಹಿರಿಯ. ಮೊದಲೆಲ್ಲ ಹತ್ತು ನಿಮಿಷ ಹಿಡಿದಿಡುತ್ತಿದ್ದದ್ದು ಈಗ ಹೊಸ ಸದಸ್ಯನ ಹಸಿವು ಸೇರಿದ್ದರಿಂದ ನಾಲ್ಕಕ್ಕೆ ಬಂದಿದೆ. ಅದು ಕೂಗಲು ಶುರುಮಾಡಿತು. ಮೀಟರಿನ ಚಕ್ರ ಕಂಡ ಓನರಜ್ಜಿಯ ಹಾಗೆ, ಮೆಲ್ಲಗೆ. ಏಕಾಏಕಿ ನಡುರಸ್ತೆಯಲ್ಲಿ ಲಾರಿ ಬಿಟ್ಟು ಹೋಗುವುದು ಸರಿಯಲ್ಲ, ಹಿಂದೆ ಬರುವವರ ಗತಿ ಏನು? ಇಂಡಿಕೇಟರು ಹಾಕಿ, ಕನ್ನಡಿ ನೋಡಿ, ನಿಧಾನವಾಗಿ ಬಲಪಕ್ಕದ ಅಂಚಿಗೆ ತಂದೆ. ಹ್ಯಾಂಡ್‌ಬ್ರೇಕು ಎಳೆದೆ. ನಾಲ್ಕೂ ದೀಪ ಮಿನುಗಿಸಿದೆ. ಸೇವ್ ಮಾಡಿ, ಯಂತ್ರ ಆರಿಸಿ, ಕತ್ತಲಲ್ಲಿ ಕೈ ಬಿಟ್ಟುಕೊಂಡು ಕೂತೆ.

"ಎಲ್ಲಿದ್ದೀರಿ?" ಎಂದಳು ಹೆಂಡತಿ ಅಡುಗೆಮನೆಯಿಂದ.

"ಹ್ಯಾಂಬರ್ಗ್ ಹತ್ರ."

"ಬರ್ತಾ ಟಾರ್ಚ್ ತಗೊಂಡು ಬನ್ನಿ."